ಸುರುಸುರು ಬತ್ತಿ, ರಾಗಿ ತೂರುವ ಗಾಳಿ, ಸಾಂಬ್ರಾಣಿ ಹೊಗೆ: ಪಾರ್ಟಿಕಲ್ ಮತ್ತು ಡೈನಾಮಿಕ್ಸ್ ಕಲಿಯಲು ಸಮಗ್ರ ಮಾರ್ಗದರ್ಶಿ

ಒಂದು ಸುರುಸುರು ಬತ್ತಿ ಹಚ್ಚಿ, ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಸೆಕೆಂಡಿಗೆ 240 ಫ್ರೇಮ್ ಸಿಕ್ಕರೆ ಸಾಕು. ಆಮೇಲೆ ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ನೋಡಿ. ಕಿಡಿ ಹುಟ್ಟುವಾಗ ಬಿಳಿ ಹಳದಿ, ಆರುವಾಗ ಕೆಂಪು. ಹೊರಟಾಗ ಬಾಣದ ಹಾಗೆ ಹೊರಡುತ್ತದೆ, ಒಂದೆರಡು ಗೇಣು ಹೋಗುವಷ್ಟರಲ್ಲಿ ಗಾಳಿ ಅದರ ವೇಗವನ್ನೆಲ್ಲ ತಿಂದುಬಿಡುತ್ತದೆ. ಕೆಲವು ಕಿಡಿ ನಡುದಾರಿಯಲ್ಲೇ ಒಡೆದು ನಾಲ್ಕಾಗುತ್ತವೆ. ಬತ್ತಿ ಹಿಡಿದ ಕೈ ಬೀಸಿದರೆ ಕಿಡಿಗಳೂ ಆ ಕಡೆಗೇ ವಾಲುತ್ತವೆ.

ಎಫೆಕ್ಟ್ಸ್, ಅಂದರೆ ಸಿನಿಮಾಕ್ಕೆ ಬೇಕಾದ ಬೆಂಕಿ, ಹೊಗೆ, ಸ್ಫೋಟಗಳನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ಕಲಿಯುವವರು ಸಾಮಾನ್ಯವಾಗಿ ಇಲ್ಲಿಂದ ಶುರು ಮಾಡುವುದಿಲ್ಲ. ಟ್ಯುಟೋರಿಯಲ್ ಹಾಕಿಕೊಂಡು, ಅವರು ಒತ್ತಿದ ಬಟನ್ ತಾವೂ ಒತ್ತಿ, ಅವರು ಹಾಕಿದ ಸಂಖ್ಯೆ ತಾವೂ ಹಾಕುತ್ತಾರೆ. ಅದೇ ಸ್ಫೋಟ ಬರುತ್ತದೆ. ಮಾರನೇ ದಿನ ಬೇರೆ ಶಾಟ್‌ಗೆ ಬೇರೆ ಸ್ಫೋಟ ಬೇಕಾದಾಗ ಕೈ ಕಟ್ಟಿಹೋಗುತ್ತದೆ. ಯಾವ ಸಂಖ್ಯೆ ಏನು ಮಾಡಿತು ಅಂತ ಗೊತ್ತಿಲ್ಲವಲ್ಲ. ಈ ಮಾರ್ಗದರ್ಶಿಯ ದಾರಿ ಬೇರೆ: ಮೊದಲು ಕಣ್ಣಿಂದ ನೋಡುವುದು, ಆಮೇಲೆ ಪೆನ್ನಿಂದ ಲೆಕ್ಕ ಹಾಕುವುದು, ಕೊನೆಗೆ ಸಾಫ್ಟ್‌ವೇರ್ ಮುಟ್ಟುವುದು. ಮುಟ್ಟಿದಾಗಲೂ ಒಂದು ಸಲಕ್ಕೆ ಒಂದೇ ಬಲ.

ಏನೇನು ಬೇಕು

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ವಸ್ತು ಇಟ್ಟು, ಕೀಫ್ರೇಮ್ ಹಾಕಿ, ರೆಂಡರ್ ತೆಗೆಯಲು ಬಂದರೆ ನೀವು ತಯಾರು. ಬ್ಲೆಂಡರ್ ಉಚಿತ, ಆದ್ದರಿಂದ ಮೊದಲ ಹೆಜ್ಜೆಗಳೆಲ್ಲ ಅದರಲ್ಲೇ. ಆವೃತ್ತಿ 3.6 ಅಥವಾ ಅದಕ್ಕಿಂತ ಹೊಸದಿರಲಿ. 2023ರಲ್ಲಿ ಬಂದ ಆ ಆವೃತ್ತಿಯಲ್ಲೇ, ಚಲನೆಯ ಲೆಕ್ಕವನ್ನು ನಾವೇ ತುಣುಕು ತುಣುಕಾಗಿ ಜೋಡಿಸಲು ಬಿಡುವ ಸಿಮ್ಯುಲೇಷನ್ ನೋಡ್‌ಗಳು ಸೇರಿದ್ದು, ನಮಗೆ ಅವು ಬೇಕೇ ಬೇಕು. ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್ ಇದ್ದರೆ ಇಲ್ಲಿರುವುದೆಲ್ಲ ನಡೆಯುತ್ತದೆ. ಇನ್ನೊಂದು, ಒಂದು ನೋಟ್‌ಬುಕ್. ಅದಿಲ್ಲದೆ ಶುರು ಮಾಡಬೇಡಿ.

ಪಾರ್ಟಿಕಲ್ ಅಂದರೆ ಏನು ಅನ್ನುವುದನ್ನು ಬೇಗ ಮುಗಿಸೋಣ. 1982ರಲ್ಲಿ ಲ್ಯೂಕಾಸ್‌ಫಿಲ್ಮ್‌ನಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ರೀವ್ಸ್, ಒಂದು ಗ್ರಹವನ್ನೇ ಬೆಂಕಿ ಆವರಿಸುವ ದೃಶ್ಯಕ್ಕಾಗಿ ಈ ವಿಧಾನ ಬಳಸಿದರು. 1983ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಬೆಂಕಿ, ಮೋಡ, ನೀರಿನಂಥ ವಸ್ತುಗಳಿಗೆ ಗಟ್ಟಿ ಮೇಲ್ಮೈ ಇಲ್ಲ. ಹಾಗಾಗಿ ಅವನ್ನು ಸಾವಿರಾರು ಬಿಂದುಗಳಾಗಿ ನೋಡುವುದು. ಪ್ರತಿ ಫ್ರೇಮಿಗೆ ಐದು ಕೆಲಸ: ಹೊಸ ಬಿಂದು ಹುಟ್ಟಿಸು, ಅದಕ್ಕೆ ಗುಣ ಕೊಡು, ಆಯಸ್ಸು ಮುಗಿದದ್ದನ್ನು ತೆಗೆ, ಉಳಿದದ್ದನ್ನು ಸರಿಸು, ಚಿತ್ರ ಬರೆ. ಇವತ್ತಿನ ಯಾವ ಸಾಫ್ಟ್‌ವೇರ್ ತೆರೆದರೂ ಒಳಗಿರುವುದು ಇದೇ ಐದು.

ಹೆಜ್ಜೆ 1: ಅಳತೆ

ಸಿಮ್ಯುಲೇಷನ್ ಸುಳ್ಳಾಗಿ ಕಾಣಲು ಮೊದಲ ಕಾರಣ ಅಳತೆ. ಬ್ಲೆಂಡರ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ಗುರುತ್ವ 9.81. ನೀವು ಮಡಿಕೆಯನ್ನು ಎರಡು ಯೂನಿಟ್ ಎತ್ತರ ಮಾಡಿಟ್ಟರೆ, ಬ್ಲೆಂಡರ್ ಅದನ್ನು ಆಳೆತ್ತರದ ಮಡಿಕೆ ಅಂತಲೇ ತಿಳಿದು ಬೀಳಿಸುತ್ತದೆ. ಅದು ತೇಲಿದ ಹಾಗೆ ಬೀಳುತ್ತದೆ. ಆಗ ಜನ ಗುರುತ್ವವನ್ನು ಜಾಸ್ತಿ ಮಾಡುತ್ತಾರೆ, ಅದರಿಂದ ಇನ್ನೇನೋ ಕೆಡುತ್ತದೆ.

ಈ ಲೆಕ್ಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಸೆಕೆಂಡಿಗೆ 24 ಫ್ರೇಮ್ ಇದ್ದಾಗ, 1 ಮೀಟರ್ ಬೀಳಲು ಸುಮಾರು 11 ಫ್ರೇಮ್. 16 ಮೀಟರ್‌ಗೆ 43 ಫ್ರೇಮ್. 100 ಮೀಟರ್‌ಗೆ 108 ಫ್ರೇಮ್. ಎತ್ತರ ನೂರು ಪಟ್ಟಾದರೆ ಕಾಲ ಹತ್ತೇ ಪಟ್ಟು. ಜೋಗದ ನೀರು ದೂರದಿಂದ ನಿಧಾನಕ್ಕೆ ಇಳಿದ ಹಾಗೆ ಕಾಣುತ್ತದೆ, ಅಲ್ವಾ? 253 ಮೀಟರ್ ಬೀಳಲು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಏಳು ಸೆಕೆಂಡಿಗಿಂತ ಜಾಸ್ತಿ ಬೇಕು. ಆ ನಿಧಾನವೇ ಕಣ್ಣಿಗೆ ಎತ್ತರ ಹೇಳುವುದು. ನಿಮ್ಮ ಜಲಪಾತ ಎರಡು ಸೆಕೆಂಡಿನಲ್ಲಿ ಇಳಿದರೆ ಅದು ಜಲಪಾತವಲ್ಲ, ಆರು ಮಹಡಿಯ ಕಟ್ಟಡದಿಂದ ಸುರಿದ ನೀರು.

ಈಗ ಮೊದಲ ಪರೀಕ್ಷೆ. ಒಂದು ಪ್ಲೇನ್ ಇಟ್ಟು ಪಾರ್ಟಿಕಲ್ ಸಿಸ್ಟಂ ಹಾಕಿ. ವೆಲಾಸಿಟಿಯಲ್ಲಿ ನಾರ್ಮಲ್ (ಮೇಲ್ಮೈಯಿಂದ ನೆಟ್ಟಗೆ ಹೊರಡುವ ವೇಗ) 5 ಕೊಡಿ, ರ‍್ಯಾಂಡಮೈಸ್ ಸೊನ್ನೆ. ಪ್ಲೇ ಮಾಡುವ ಮೊದಲು ಪೆನ್ ತೆಗೆಯಿರಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮೇಲೆ ಹೋದದ್ದು ಅರ್ಧ ಸೆಕೆಂಡಿನಲ್ಲಿ, ಅಂದರೆ ಸುಮಾರು 12ನೇ ಫ್ರೇಮಿನಲ್ಲಿ, ತುದಿ ಮುಟ್ಟಬೇಕು. ಎತ್ತರ ಸುಮಾರು 1.27 ಮೀಟರ್. ಪಕ್ಕದಲ್ಲಿ 1.27 ಮೀಟರ್ ಎತ್ತರದ ಕ್ಯೂಬ್ ಇಟ್ಟು ನೋಡಿ. ಇಂಟಿಗ್ರೇಷನ್ ಭಾಗದಲ್ಲಿ ಟೈಮ್‌ಸ್ಟೆಪ್ 0.04 ಅಂತ ಇರುತ್ತದೆ. ಅದು 25 ಫ್ರೇಮಿನ ಲೆಕ್ಕ. 24 ಫ್ರೇಮಿಗೆ 0.0417 ಹಾಕಿ. ಕಿಡಿ ಕ್ಯೂಬಿನ ತಲೆ ಮುಟ್ಟಿ ವಾಪಸ್ ಬಂದದ್ದನ್ನು ನೋಡಿದ ಕ್ಷಣ ಈ ಯಂತ್ರದ ಮೇಲೆ ಒಂದು ನಂಬಿಕೆ ಬರುತ್ತದೆ. ಅದು ಸುಮ್ನೆ ಮಾಯೆ ಮಾಡುತ್ತಿಲ್ಲ, ನೀವು ಹೇಳಿದ್ದನ್ನೇ ಮಾಡುತ್ತಿದೆ.

ಹೆಜ್ಜೆ 2: ಸುರುಸುರು ಬತ್ತಿ

ಅರ್ಧ ಸೆಂಟಿಮೀಟರ್ ತ್ರಿಜ್ಯದ ಚಿಕ್ಕ ಗೋಳ ಮಾಡಿ. ಅದು ಬತ್ತಿ ಉರಿಯುವ ತುದಿ. ಪಾರ್ಟಿಕಲ್ ಸಂಖ್ಯೆ 6000, ಫ್ರೇಮ್ 1ರಿಂದ 120. ಅಂದರೆ ಫ್ರೇಮಿಗೆ 50 ಕಿಡಿ. ಲೈಫ್‌ಟೈಮ್ 10, ಅದರ ರ‍್ಯಾಂಡಮ್‌ನೆಸ್ 0.6. ಆಗ ಕಿಡಿಗಳು 4ರಿಂದ 10 ಫ್ರೇಮ್ ಬದುಕುತ್ತವೆ, ಪರದೆಯ ಮೇಲೆ ಯಾವಾಗಲೂ ಸುಮಾರು 350 ಇರುತ್ತವೆ. ನಾರ್ಮಲ್ ವೇಗ 3, ರ‍್ಯಾಂಡಮೈಸ್ 1.

ಪ್ಲೇ ಮಾಡಿದರೆ ಚೆನ್ನಾಗಿ ಕಾಣುವುದಿಲ್ಲ. ಕಿಡಿಗಳು ಒಂದೇ ವೇಗದಲ್ಲಿ ತೀರಾ ದೂರ ಹಾರುತ್ತವೆ. ನಿಮ್ಮ ವಿಡಿಯೊದಲ್ಲಿ ಹಾಗಿರಲಿಲ್ಲ. ಗಾಳಿಯ ತಡೆ ಬೇಕು, ಅಂದರೆ ಡ್ರ್ಯಾಗ್. ಡ್ರ್ಯಾಗ್ ಸ್ಲೈಡರನ್ನು ಪೂರ್ತಿ 1ಕ್ಕೆ ಎಳೆದರೂ ಏನೂ ಆಗದ ಹಾಗೆ ಕಾಣುತ್ತದೆ. ಇಲ್ಲಿ ಬಹಳ ಜನ ಡ್ರ್ಯಾಗ್ ಕೆಲಸ ಮಾಡುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. ಕಾರಣ ತೂಕ. ಬ್ಲೆಂಡರ್ ಪ್ರತಿ ಕಣಕ್ಕೂ 1 ಕೆಜಿ ಕೊಟ್ಟು ಕೂರಿಸಿರುತ್ತದೆ. ಒಂದು ಕೆಜಿಯ ಕಲ್ಲನ್ನು ಗಾಳಿ ಎಲ್ಲಿ ತಡೆಯುತ್ತದೆ? ಮಾಸ್ ಅನ್ನು 0.1, 0.01, 0.001 ಹೀಗೆ ಹತ್ತು ಪಟ್ಟು ಹತ್ತು ಪಟ್ಟು ಇಳಿಸುತ್ತಾ ಹೋಗಿ. ಒಂದು ಹಂತದಲ್ಲಿ ಕಿಡಿಗಳು ಇದ್ದಕ್ಕಿದ್ದಂತೆ ಬತ್ತಿಯ ಸುತ್ತ 30 ಸೆಂಟಿಮೀಟರ್ ಒಳಗೆ ಹೂವಿನ ಹಾಗೆ ಅರಳಿ ನಿಲ್ಲುತ್ತವೆ. ಅಲ್ಲಿಗೆ ನಿಲ್ಲಿಸಿ. ಕಣದ ಗಾತ್ರ ಬದಲಿಸಿದರೆ ಡ್ರ್ಯಾಗ್ ಕೂಡ ಬದಲಾಗುತ್ತದೆ, ಆದ್ದರಿಂದ ಗಾತ್ರವನ್ನು ಮೊದಲೇ ಗಟ್ಟಿ ಮಾಡಿಕೊಂಡು ಆಮೇಲೆ ಈ ಆಟ ಆಡಿ.

ಇನ್ನು ರೂಪ. ಕಿಡಿ ಕಣ್ಣಿಗೆ ಚುಕ್ಕಿಯಲ್ಲ, ಗೆರೆ. ಸೆಕೆಂಡಿಗೆ 3 ಮೀಟರ್ ವೇಗದ ಕಿಡಿ, ಅರ್ಧ ಫ್ರೇಮ್ ತೆರೆದಿರುವ ಕ್ಯಾಮೆರಾದಲ್ಲಿ ಸುಮಾರು 6 ಸೆಂಟಿಮೀಟರ್ ಗೆರೆಯಾಗುತ್ತದೆ. ಅಷ್ಟು ಉದ್ದದ, ಎರಡೂ ತುದಿ ಚೂಪಾದ ಸಣ್ಣ ಕಡ್ಡಿ ಮಾಡಿ, ರೆಂಡರ್ ಆ್ಯಸ್ ಆಬ್ಜೆಕ್ಟ್‌ನಲ್ಲಿ ಅದನ್ನು ಕೊಡಿ. ರೊಟೇಷನ್ ತೆರೆದು ದಿಕ್ಕನ್ನು ವೆಲಾಸಿಟಿಗೆ ಕಟ್ಟಿ. ಬಣ್ಣಕ್ಕೆ, ಬ್ಲೆಂಡರ್‌ನ ರೆಂಡರ್ ಇಂಜಿನ್ ಆದ ಸೈಕಲ್ಸ್‌ನ ಪಾರ್ಟಿಕಲ್ ಇನ್ಫೊ ನೋಡ್ ತೆಗೆದುಕೊಳ್ಳಿ. ಏಜ್ ಅನ್ನು ಲೈಫ್‌ಟೈಮ್‌ನಿಂದ ಭಾಗಿಸಿದರೆ ಸೊನ್ನೆಯಿಂದ ಒಂದರವರೆಗಿನ ಸಂಖ್ಯೆ ಸಿಗುತ್ತದೆ. ಅದನ್ನು ಕಲರ್ ರ‍್ಯಾಂಪ್‌ಗೆ ಕೊಟ್ಟು ಬಿಳಿ ಹಳದಿಯಿಂದ ಕಿತ್ತಳೆ, ಕೊನೆಗೆ ಕಪ್ಪುಗೆಂಪು ಮಾಡಿ. ಎಮಿಷನ್ ಬಲವೂ ಅದೇ ರೀತಿ ಇಳಿಯಲಿ. ಬಣ್ಣ ಮಾತ್ರ ಬದಲಿಸಿ ಬೆಳಕನ್ನು ಹಾಗೇ ಬಿಟ್ಟರೆ ಕಿಡಿ ಆರುವುದೇ ಇಲ್ಲ, ಟಪ್ ಅಂತ ಮಾಯವಾಗುತ್ತದೆ.

ಕೊನೆಗೆ ಗೋಳಕ್ಕೆ ಕೀಫ್ರೇಮ್ ಹಾಕಿ ಬೀಸಿ. ಆಬ್ಜೆಕ್ಟ್ ವೆಲಾಸಿಟಿ ಸಂಖ್ಯೆ ಏರಿಸಿದರೆ ಕೈಯ ವೇಗ ಕಿಡಿಗೂ ಬರುತ್ತದೆ. ಬೀಸುವ ದಾರಿಯಲ್ಲಿ ಕಿಡಿಗಳು ಗುಂಪು ಗುಂಪಾಗಿ ಕಂಡರೆ, ಫ್ರೇಮುಗಳ ನಡುವೆಯೂ ಲೆಕ್ಕ ಹಾಕುವ ಸಬ್‌ಫ್ರೇಮ್ 4 ಮಾಡಿ.

ಹೆಜ್ಜೆ 3: ನಿಮ್ಮದೇ ಸಾಲ್ವರ್ ಕಟ್ಟಿ

ಇಡೀ ದಾರಿಯಲ್ಲಿ ನಿಮ್ಮನ್ನು ಒಂದೇ ಕಡೆ ಜಾಸ್ತಿ ಹೊತ್ತು ಕೂರಿಸಬೇಕು ಅಂದರೆ ನಾನು ಇಲ್ಲಿ ಕೂರಿಸುತ್ತೇನೆ. ಇಲ್ಲಿಯವರೆಗೆ ಯಾರೋ ಕಟ್ಟಿದ ಯಂತ್ರದ ಗುಂಡಿ ಒತ್ತಿದ್ದೀರಿ. ಈಗ ಯಂತ್ರವನ್ನೇ, ಅಂದರೆ ಕಣಗಳ ಚಲನೆಯನ್ನು ಲೆಕ್ಕ ಹಾಕುವ ಸಾಲ್ವರನ್ನೇ ಕಟ್ಟೋಣ. ಹತ್ತು ಹನ್ನೆರಡು ನೋಡ್ ಸಾಕು. ಒಂದು ಭಾನುವಾರದ ಕೆಲಸ.

ಹತ್ತು ಸೆಂಟಿಮೀಟರ್ ಚೌಕದ ಪ್ಲೇನ್‌ಗೆ ಜಿಯೊಮೆಟ್ರಿ ನೋಡ್ಸ್ ಹಾಕಿ. ಸಿಮ್ಯುಲೇಷನ್ ಝೋನ್ ಸೇರಿಸಿ. ಎರಡು ನೋಡ್ ಬರುತ್ತವೆ, ನಡುವೆ ಬಣ್ಣದ ಚೌಕಟ್ಟು. ಆ ಚೌಕಟ್ಟಿನ ಗುಟ್ಟು ಇಷ್ಟೇ: ಈ ಫ್ರೇಮಿನಲ್ಲಿ ಬಲಗಡೆ ಹೊರಗೆ ಹೋದದ್ದು, ಮುಂದಿನ ಫ್ರೇಮಿನಲ್ಲಿ ಎಡಗಡೆಯಿಂದ ಒಳಗೆ ಬರುತ್ತದೆ. ಅಂದರೆ ಅದಕ್ಕೆ ನೆನಪಿದೆ. ಎಡಗಡೆಯ ಇನ್‌ಪುಟ್‌ಗೆ ಏನೂ ಕೊಡಬೇಡಿ, ಮೊದಲ ಫ್ರೇಮಿನಲ್ಲಿ ಖಾಲಿ ಇರಲಿ.

ಮೊದಲ ಕೆಲಸ, ಹುಟ್ಟು. ಪ್ಲೇನ್ ಮೇಲೆ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಹಾಕಿ, ಡೆನ್ಸಿಟಿ 5000. ಪ್ಲೇನಿನ ವಿಸ್ತೀರ್ಣ 0.01 ಚದರ ಮೀಟರ್, ಆದ್ದರಿಂದ ಫ್ರೇಮಿಗೆ ಸುಮಾರು 50 ಬಿಂದು. ಹೊಸ ಬಿಂದುಗಳಿಗೆ ಸ್ಟೋರ್ ನೇಮ್ಡ್ ಆ್ಯಟ್ರಿಬ್ಯೂಟ್‌ನಿಂದ ಎರಡು ಗುಣ ಬರೆಯಿರಿ. ಒಂದು ವೇಗ, ಅದು ವೆಕ್ಟರ್: ಅಡ್ಡಕ್ಕೆ ಎರಡೂ ಕಡೆ ಮೈನಸ್ 1ರಿಂದ 1, ಮೇಲಕ್ಕೆ 4ರಿಂದ 6, ರ‍್ಯಾಂಡಮ್ ವ್ಯಾಲ್ಯೂ ನೋಡ್‌ನಿಂದ. ಇನ್ನೊಂದು ವಯಸ್ಸು, ಸೊನ್ನೆ. ಇವನ್ನು ಝೋನ್ ಒಳಗೆ ಹಳೆಯ ಬಿಂದುಗಳ ಜೊತೆ ಜಾಯಿನ್ ಮಾಡಿ.

ಇಲ್ಲೊಂದು ಬಲೆ ಇದೆ. ಹೀಗೇ ಬಿಟ್ಟರೆ ಪ್ರತಿ ಫ್ರೇಮಿನಲ್ಲೂ ಅದೇ 50 ಜಾಗ, ಅದೇ 50 ವೇಗ. ಕಣಗಳು ಒಂದರ ಹಿಂದೆ ಒಂದು ಮಣಿಸರದ ಹಾಗೆ ಸಾಲಾಗಿ ಬರುತ್ತವೆ. ಸೀನ್ ಟೈಮ್ ನೋಡ್‌ನ ಫ್ರೇಮ್ ಸಂಖ್ಯೆಯನ್ನು ಎರಡೂ ಕಡೆ, ಅಂದರೆ ಬಿಂದು ಹಂಚುವ ನೋಡ್‌ನ ಸೀಡ್‌ಗೂ ರ‍್ಯಾಂಡಮ್ ವ್ಯಾಲ್ಯೂ ಸೀಡ್‌ಗೂ ಕೊಡಿ. ಸೀಡ್ ಅಂದರೆ ರ‍್ಯಾಂಡಮ್ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಸಂಖ್ಯೆ, ಅದು ಬದಲಾದರೆ ಅವೂ ಬದಲಾಗುತ್ತವೆ. ಒಂದಕ್ಕೆ ಮಾತ್ರ ಕೊಟ್ಟರೂ ಒಂದು ಬಗೆಯ ಪಟ್ಟೆ ಉಳಿದುಕೊಳ್ಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಕೆಡಿಸಿ ನೋಡಿ. ಬೇರೆಯವರ ಕೆಲಸದಲ್ಲಿ ಈ ಪಟ್ಟೆ ಕಂಡಾಗ ಎಲ್ಲಿ ತಪ್ಪಿದೆ ಅಂತ ನಿಮಗೆ ದೂರದಿಂದಲೇ ಗೊತ್ತಾಗುತ್ತದೆ.

ಎರಡನೆಯದು, ಚಲನೆ. ಝೋನ್ ಒಳಗೆ ಡೆಲ್ಟಾ ಟೈಮ್ ಅಂತ ಒಂದು ಸಾಕೆಟ್ ಇರುತ್ತದೆ. ಒಂದು ಫ್ರೇಮಿಗೆ ಎಷ್ಟು ಸೆಕೆಂಡ್ ಅನ್ನುವುದು ಅದರಲ್ಲಿದೆ, ಅಂದರೆ 24ರಲ್ಲಿ ಒಂದು ಭಾಗ. ಗುರುತ್ವ ಮೈನಸ್ 9.81. ಅದನ್ನು ಡೆಲ್ಟಾ ಟೈಮ್‌ನಿಂದ ಗುಣಿಸಿ ಹಳೆಯ ವೇಗಕ್ಕೆ ಕೂಡಿಸಿ, ಮತ್ತೆ ಅದೇ ಹೆಸರಿನಲ್ಲಿ ಬರೆಯಿರಿ. ಆಮೇಲೆ ಸೆಟ್ ಪೊಸಿಷನ್ ನೋಡ್. ಆಫ್‌ಸೆಟ್‌ಗೆ ಹೊಸ ವೇಗ ಗುಣಿಸು ಡೆಲ್ಟಾ ಟೈಮ್. ಈ ಸರದಿ ಮುಖ್ಯ: ಮೊದಲು ವೇಗ, ಆಮೇಲೆ ಜಾಗ. ಹಳೆಯ ವೇಗದಿಂದ ಜಾಗ ಸರಿಸಿ ಆಮೇಲೆ ವೇಗ ಬದಲಿಸಿದರೆ, ಬರೀ ಬೀಳುವ ಕಣದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೆ ಸ್ಪ್ರಿಂಗ್ ಇರುವ ಕಡೆ, ಅಂದರೆ ಬಟ್ಟೆ, ಹಗ್ಗ, ಕೂದಲಿನಲ್ಲಿ, ಪ್ರತಿ ತೂಗಿಗೂ ಸ್ವಲ್ಪ ಶಕ್ತಿ ಎಲ್ಲಿಂದಲೋ ಸೇರಿಕೊಂಡು ಕೊನೆಗೆ ಎಲ್ಲ ಸಿಡಿದುಹೋಗುತ್ತದೆ.

ಮೂರನೆಯದು, ಸಾವು. ವಯಸ್ಸಿಗೆ ಡೆಲ್ಟಾ ಟೈಮ್ ಕೂಡಿಸಿ, ಒಂದು ಸೆಕೆಂಡ್ ದಾಟಿದ್ದನ್ನು ಡಿಲೀಟ್ ಜಿಯೊಮೆಟ್ರಿಗೆ ಕೊಡಿ. ಈಗ ಸ್ಪ್ರೆಡ್‌ಶೀಟ್ ತೆರೆದು ಎಣಿಕೆ ನೋಡಿ. ಫ್ರೇಮಿಗೆ 50, ಆಯಸ್ಸು 24 ಫ್ರೇಮ್. ಮೊದಲ ಸೆಕೆಂಡ್ ಕಳೆದ ಮೇಲೆ ಬಿಂದುಗಳು 1200ರ ಆಸುಪಾಸಿನಲ್ಲಿ ನಿಲ್ಲಬೇಕು. ಏರುತ್ತಲೇ ಹೋದರೆ ಸಾವು ಕೆಲಸ ಮಾಡುತ್ತಿಲ್ಲ.

ನಾಲ್ಕನೆಯದು, ನೆಲ. ಜಾಗದ ಎತ್ತರ ಸೊನ್ನೆಗಿಂತ ಕಡಿಮೆ ಆಗಿ, ಇನ್ನೂ ಕೆಳಕ್ಕೇ ಹೋಗುತ್ತಿರುವ ಬಿಂದುಗಳ ವೇಗದ ಮೇಲ್ಮುಖ ಭಾಗವನ್ನು ಧನ ಸಂಖ್ಯೆ ಮಾಡಿ 0.5ರಿಂದ ಗುಣಿಸಿ. ಪುಟಿಯುತ್ತವೆ. ವೇಗ ಅರ್ಧವಾದರೆ ಎತ್ತರ ಕಾಲು ಭಾಗ ಆಗುತ್ತದೆ. 1.2 ಮೀಟರಿನಿಂದ ಬಿದ್ದದ್ದು 30 ಸೆಂಟಿಮೀಟರ್ ಏಳಬೇಕು. ಆಯಸ್ಸನ್ನು ಮೂರು ಸೆಕೆಂಡ್ ಮಾಡಿ ಅಳೆದು ನೋಡಿ.

ಹೆಜ್ಜೆ 4: ಗಾಳಿ ಬಂದಾಗ ತೂರಿಕೋ

ಒಕ್ಕಣೆಯ ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಾ? ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಸಣ್ಣಗೆ ಸುರಿಯುತ್ತಾರೆ. ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರಕ್ಕೆ ಹಾರುತ್ತದೆ. ಗಾಳಿ ಒಂದೇ, ಗುರುತ್ವ ಒಂದೇ. ಆದರೂ ಎರಡು ಗುಡ್ಡೆ ಆಗುತ್ತವೆ. ಡ್ರ್ಯಾಗ್ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ಗಾಳಿ ಅಂದರೆ ತಳ್ಳುತ್ತಲೇ ಇರುವ ಬಲ ಅಲ್ಲ. ಗಾಳಿ ಕಣವನ್ನು ತನ್ನ ವೇಗಕ್ಕೆ ತಂದುಕೊಳ್ಳುತ್ತದೆ, ಅಷ್ಟೇ. ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ಹೊಟ್ಟು ಅಡ್ಡಕ್ಕೆ 2ರ ಮೇಲೆ ಹೋಗುವುದಿಲ್ಲ. ಬರೀ ಬಲ ಹಾಕಿದರೆ ಕಣ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ. ಗಾಳಿಯ ಶಾಟ್ ಕೃತಕವಾಗಿ ಕಂಡಾಗ ನಾನು ಮೊದಲು ಹುಡುಕುವುದು ಇದನ್ನೇ.

ನಿಮ್ಮ ಸಾಲ್ವರ್‌ನಲ್ಲಿ ಹೀಗೆ ಮಾಡಿ. ಕಣದ ವೇಗದಿಂದ ಗಾಳಿಯ ವೇಗ ಕಳೆಯಿರಿ. ಆ ವ್ಯತ್ಯಾಸವನ್ನು ತಡೆ ಅನ್ನುವ ಒಂದು ಸಂಖ್ಯೆಯಿಂದಲೂ ಡೆಲ್ಟಾ ಟೈಮ್‌ನಿಂದಲೂ ಗುಣಿಸಿ, ಕಣದ ವೇಗದಿಂದ ಕಳೆಯಿರಿ. ಎರಡು ಬಗೆಯ ಕಣ ಮಾಡಿ. ಹೊಟ್ಟಿಗೆ ತಡೆ 9.8, ಕಾಳಿಗೆ 2. ಈ ಸೂತ್ರದಲ್ಲಿ ಕಣ ಬೀಳುವ ಗರಿಷ್ಠ ವೇಗ, ಗುರುತ್ವವನ್ನು ತಡೆಯಿಂದ ಭಾಗಿಸಿದಷ್ಟು. ಹೊಟ್ಟಿಗೆ ಸೆಕೆಂಡಿಗೆ 1 ಮೀಟರ್, ಕಾಳಿಗೆ 4.9. ಒಂದೂವರೆ ಮೀಟರ್ ಎತ್ತರದಿಂದ, 2 ಮೀಟರ್ ವೇಗದ ಗಾಳಿಯಲ್ಲಿ, ಸುಮ್ನೆ ಕೈಬಿಟ್ಟರೆ ಹೊಟ್ಟು 3 ಮೀಟರ್ ದೂರ ಬೀಳಬೇಕು. ಕಾಳು ಸುಮಾರು 60 ಸೆಂಟಿಮೀಟರ್ ದೂರ. ಪ್ಲೇ ಮಾಡಿ. ಎರಡು ಗುಡ್ಡೆ ಆಗುತ್ತವೆ, ಲೆಕ್ಕದ ಹತ್ತಿರದಲ್ಲೇ.

ಈಗ ತಡೆಯನ್ನು 30 ಮಾಡಿ ನೋಡಿ. ಕಣ ನಡುಗಲು ಶುರು ಮಾಡುತ್ತದೆ. 50 ಮಾಡಿ. ಪರದೆಯಿಂದಲೇ ಸಿಡಿದು ಹೊರಟುಹೋಗುತ್ತದೆ. ಯಾಕೆ? ತಡೆಯನ್ನು 24ರಿಂದ ಭಾಗಿಸಿ. ಅದು 1 ದಾಟಿದರೆ ಒಂದೇ ಫ್ರೇಮಿನಲ್ಲಿ ಇರುವ ವೇಗಕ್ಕಿಂತ ಜಾಸ್ತಿ ಕಳೆದುಬಿಡುತ್ತೀರಿ, ವೇಗ ಉಲ್ಟಾ ಆಗುತ್ತದೆ. 2 ದಾಟಿದರೆ ಉಲ್ಟಾ ಆದ ವೇಗ ಮೊದಲಿನದಕ್ಕಿಂತ ದೊಡ್ಡದು, ಮುಂದಿನ ಫ್ರೇಮಿನಲ್ಲಿ ಇನ್ನೂ ದೊಡ್ಡದು. ಸಿಮ್ (ಸಿಮ್ಯುಲೇಷನ್) ಸಿಡಿಯಿತು ಅಂತ ಎಲ್ಲರೂ ಗೋಳಾಡುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ. ಇದಕ್ಕೆ ಎರಡು ಮದ್ದು. ಒಂದು, ಫ್ರೇಮನ್ನು ಚಿಕ್ಕ ಚಿಕ್ಕ ಸಬ್‌ಸ್ಟೆಪ್ ಆಗಿ ಒಡೆಯುವುದು. ಇನ್ನೊಂದು, ಕಳೆಯುವ ಬದಲು ಭಾಗಿಸುವುದು: ವ್ಯತ್ಯಾಸವನ್ನು, ಒಂದಕ್ಕೆ ತಡೆ ಮತ್ತು ಡೆಲ್ಟಾ ಟೈಮ್‌ನ ಗುಣಲಬ್ಧ ಸೇರಿಸಿದ ಸಂಖ್ಯೆಯಿಂದ ಭಾಗಿಸಿ, ಮತ್ತೆ ಗಾಳಿಯ ವೇಗ ಕೂಡಿಸಿ. ಈಗ ತಡೆ ಸಾವಿರ ಆದರೂ ವೇಗ ಉಲ್ಟಾ ಆಗುವುದಿಲ್ಲ. ಇಂಪ್ಲಿಸಿಟ್ ಅನ್ನುವ ಪದ ಮುಂದೆ ಎಲ್ಲಾದರೂ ಕಂಡರೆ ಹೆದರಬೇಡಿ. ಅದರ ಸರಳ ರೂಪವನ್ನು ನೀವು ಈಗಾಗಲೇ ಕಟ್ಟಿದ್ದೀರಿ.

ಹೆಜ್ಜೆ 5: ಮಡಿಕೆ ಒಡೆಯುವುದು

ಗಟ್ಟಿ ವಸ್ತುಗಳಿಗೆ ಬ್ಲೆಂಡರ್ ಬಳಸುವುದು ಬುಲೆಟ್ ಅನ್ನುವ ಇಂಜಿನ್. ಮಡಿಕೆಗೆ ಮೊದಲು ದಪ್ಪ ಕೊಡಿ, ಬರೀ ಹಾಳೆಯಂಥ ಮೇಲ್ಮೈ ಒಡೆದರೆ ಚೂರುಗಳೂ ಹಾಳೆಯಾಗುತ್ತವೆ. ಸೆಲ್ ಫ್ರಾಕ್ಚರ್ ಆಡ್‌ಆನ್‌ನಿಂದ ಒಡೆಯಿರಿ. ಎಲ್ಲ ಚೂರೂ ಒಂದೇ ಗಾತ್ರ ಇದ್ದರೆ ಅದು ಮಡಿಕೆಯಲ್ಲ, ಜೋಡಿಸಿಟ್ಟ ಆಟಿಕೆ. ನಿಜವಾದ ಮಡಿಕೆ ಪೆಟ್ಟು ಬಿದ್ದ ಕಡೆ ಪುಡಿಯಾಗುತ್ತದೆ, ದೂರದಲ್ಲಿ ದೊಡ್ಡ ಹೋಳಾಗುತ್ತದೆ. ಆದ್ದರಿಂದ ಮೊದಲು 12-15 ಹೋಳು ಮಾಡಿ, ಪೆಟ್ಟಿನ ಹತ್ತಿರದ ಎರಡು ಮೂರು ಹೋಳನ್ನು ಮಾತ್ರ ಮತ್ತೆ ಒಡೆಯಿರಿ. ಎಲ್ಲದಕ್ಕೂ ಕಾನ್ವೆಕ್ಸ್ ಹಲ್ (ಚೂರನ್ನು ಬಿಗಿಯಾಗಿ ಸುತ್ತುವ ಉಬ್ಬಿದ ಹೊದಿಕೆ) ಆಕಾರ ಕೊಡಿ, ಸ್ಟಾರ್ಟ್ ಡಿಆ್ಯಕ್ಟಿವೇಟೆಡ್ ಟಿಕ್ ಮಾಡಿ. ಇಲ್ಲದಿದ್ದರೆ ಪೆಟ್ಟು ಬೀಳುವ ಮೊದಲೇ ಮಡಿಕೆ ತಾನಾಗಿ ಕುಸಿಯುತ್ತದೆ.

ಎರಡು ತೊಂದರೆ ಖಂಡಿತ ಬರುತ್ತವೆ. ಸೆಕೆಂಡಿಗೆ 20 ಮೀಟರ್ ವೇಗದ ಕಲ್ಲು ಒಂದು ಫ್ರೇಮಿಗೆ 83 ಸೆಂಟಿಮೀಟರ್ ಜಿಗಿಯುತ್ತದೆ. ಫ್ರೇಮಿಗೆ ಒಂದೇ ಸಲ ಲೆಕ್ಕ ಹಾಕಿದರೆ, 30 ಸೆಂಟಿಮೀಟರ್ ಮಡಿಕೆ ಅದರ ದಾರಿಯಲ್ಲಿತ್ತು ಅಂತ ಇಂಜಿನ್‌ಗೆ ಗೊತ್ತೇ ಆಗದೆ ಕಲ್ಲು ದಾಟಿಹೋಗಬಹುದು. ಸಬ್‌ಸ್ಟೆಪ್ 20 ಮಾಡಿದರೆ ಒಂದು ಜಿಗಿತ ಸುಮಾರು 4 ಸೆಂಟಿಮೀಟರ್. ಇನ್ನೊಂದು, ಐದು ಸೆಂಟಿಮೀಟರಿಗಿಂತ ಚಿಕ್ಕ ಚೂರುಗಳು ಬುಲೆಟ್‌ನಲ್ಲಿ ನೆಲದ ಮೇಲೆ ನಡುಗುತ್ತವೆ. ಆಗ ಇಡೀ ದೃಶ್ಯವನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಗುರುತ್ವವನ್ನೂ 98.1 ಮಾಡಿ. ಉದ್ದ ಹತ್ತು ಪಟ್ಟು, ಗುರುತ್ವ ಹತ್ತು ಪಟ್ಟು, ಬೀಳುವ ಕಾಲ ಮಾತ್ರ ಅಷ್ಟೇ.

ಹೋಳುಗಳು ಬರೀ ಮೊದಲ ಪದರ. ಅದರ ಮೇಲೆ ಸಣ್ಣ ಚೂರುಗಳಿಗೆ ಪಾರ್ಟಿಕಲ್, ಅದರ ಮೇಲೆ ಧೂಳು. ನಂಬಿಕೆ ಬರಿಸುವುದು ಧೂಳು.

ಹೆಜ್ಜೆ 6: ಸಾಂಬ್ರಾಣಿ ಹೊಗೆ

ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯನ್ನೋ ಸಾಂಬ್ರಾಣಿಯನ್ನೋ ಹಚ್ಚಿಟ್ಟು ನೋಡಿ. ಮೊದಲ ಗೇಣು ಎರಡು ಗೇಣು ದಾರದ ಹಾಗೆ ನೆಟ್ಟಗೆ ಏರುತ್ತದೆ. ಆಮೇಲೆ ಒಂದು ಸಣ್ಣ ಅಲೆ. ಅದರ ಮೇಲೆ ಸುರುಳಿ, ಅದರ ಮೇಲೆ ಚದುರುವಿಕೆ. ಹೊಗೆ ಮಾಡುವವರು ಬಹಳ ಜನ ಕೆಳಗಿನಿಂದಲೇ ಸುರುಳಿ ತುಂಬಿ ಈ ನೆಟ್ಟಗಿನ ದಾರವನ್ನು ಕಳೆದುಬಿಡುತ್ತಾರೆ. ನನಗೆ ಅದನ್ನು ಕಂಡರೆ ಬೇಸರವಾಗುತ್ತದೆ. ಆ ದಾರ ಇದ್ದರೇ ತಾನೆ ಮೇಲಿನ ಸುರುಳಿಗೆ ಬೆಲೆ.

ಹೊಗೆಯ ಸಿಮ್ಯುಲೇಷನ್‌ನಲ್ಲಿ ಕಣವಿಲ್ಲ, ಡಬ್ಬಿಗಳಿವೆ. ಜಾಗವನ್ನು ಪುಟ್ಟ ಪುಟ್ಟ ಘನಗಳಾಗಿ ಕತ್ತರಿಸಿ ಪ್ರತಿಯೊಂದರಲ್ಲೂ ಹೊಗೆ ಎಷ್ಟು, ಬಿಸಿ ಎಷ್ಟು, ಗಾಳಿ ಯಾವ ಕಡೆ ಅಂತ ಬರೆದಿಡುವುದು. ಅವೇ ವಾಕ್ಸೆಲ್‌ಗಳು. ಈ ಘನಗಳೆಲ್ಲ ಕೂತಿರುವ ದೊಡ್ಡ ಪೆಟ್ಟಿಗೆಯೇ ಡೊಮೇನ್. ಒಂದು ಮೀಟರ್ ಡೊಮೇನ್‌ಗೆ ರೆಸಲ್ಯೂಷನ್ 100 ಕೊಟ್ಟರೆ ಒಂದು ವಾಕ್ಸೆಲ್ ಒಂದು ಸೆಂಟಿಮೀಟರ್, ಒಟ್ಟು 10 ಲಕ್ಷ. ಆದರೆ ಹೊಗೆಯ ದಾರವೇ ಒಂದು ಸೆಂಟಿಮೀಟರ್ ದಪ್ಪ ಇಲ್ಲ. ಹಾಗಾಗಿ ಹತ್ತಿಯ ಉಂಡೆ ಕಾಣುತ್ತದೆ. ರೆಸಲ್ಯೂಷನ್ 400 ಮಾಡಿದರೆ ವಾಕ್ಸೆಲ್ ಎರಡೂವರೆ ಮಿಲಿಮೀಟರ್, ಆದರೆ ಒಟ್ಟು 6.4 ಕೋಟಿ. ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬುದ್ಧಿವಂತಿಕೆ ಡೊಮೇನ್ ಕತ್ತರಿಸುವುದರಲ್ಲಿದೆ. 25 ಸೆಂಟಿಮೀಟರ್ ಅಗಲ, 25 ಆಳ, 75 ಎತ್ತರ, ರೆಸಲ್ಯೂಷನ್ 300. ಅದೇ ಎರಡೂವರೆ ಮಿಲಿಮೀಟರ್ ಸಿಗುತ್ತದೆ, ವಾಕ್ಸೆಲ್ 30 ಲಕ್ಷ ಮಾತ್ರ.

ಇನ್ನೊಂದು ವಿಷಯ. 1999ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಯಾಸ್ ಸ್ಟಾಮ್ ತೋರಿಸಿದ ವಿಧಾನ ಹೊಗೆಯ ಸಿಮ್ ಸಿಡಿಯದ ಹಾಗೆ ಮಾಡಿತು. ಆದರೆ ಅದು ಪ್ರತಿ ಫ್ರೇಮಿಗೂ ಸುರುಳಿಗಳನ್ನು ಸ್ವಲ್ಪ ಸ್ವಲ್ಪ ನುಣ್ಣಗೆ ಮಾಡುತ್ತದೆ. ಹಾಗೆ ಕಳೆದುಹೋದ ಸುರುಳಿಯನ್ನು ವಾಪಸ್ ತುಂಬಲಿಕ್ಕೇ ವೋರ್ಟಿಸಿಟಿ ಅನ್ನುವ ಸಂಖ್ಯೆ ಇರುವುದು. ಅದನ್ನು ಉಪ್ಪಿನ ಹಾಗೆ ಹಾಕಿ. ಜಾಸ್ತಿಯಾದರೆ ಹೊಗೆ ಗುಂಗುರು ಕೂದಲಾಗುತ್ತದೆ.

ಬೇಕ್ ಮತ್ತು ಕ್ಯಾಶ್

ಸಿಮ್ಯುಲೇಷನ್ನಿನ ಲೆಕ್ಕವನ್ನು ಮೊದಲೇ ಮಾಡಿ ಉಳಿಸಿಡುವುದು ಬೇಕ್, ಹಾಗೆ ಉಳಿದ ಫೈಲುಗಳು ಕ್ಯಾಶ್. ಇದು ಚಿಕ್ಕ ವಿಷಯ, ಆದರೆ ಇದರಲ್ಲೇ ವಾರಗಳು ಹಾಳಾಗುವುದು. ನಾನು ಒಮ್ಮೆ ರಾತ್ರಿಯಿಡೀ ಬೇಕ್ ಮಾಡಿದ ಹೊಗೆಯನ್ನು ಬೆಳಿಗ್ಗೆ ಕಳೆದುಕೊಂಡೆ. ಫೈಲ್ ಸೇವ್ ಮಾಡದೆ ಶುರು ಮಾಡಿದ್ದರಿಂದ ಕ್ಯಾಶ್ ತಾತ್ಕಾಲಿಕ ಫೋಲ್ಡರ್‌ಗೆ ಹೋಗಿತ್ತು. ಅಂದಿನಿಂದ ಫೈಲ್ ಸೇವ್ ಮಾಡದೆ ಬೇಕ್ ಒತ್ತುವುದಿಲ್ಲ, ಪ್ರತಿ ಬೇಕ್‌ಗೂ ಬೇರೆ ಫೋಲ್ಡರ್, ಹೆಸರಿನಲ್ಲಿ ಸಂಖ್ಯೆ. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ಏನು ಬದಲಿಸಿದೆ, ಏನಾಯಿತು. ಒಂದು ಬೇಕ್‌ಗೆ ಒಂದೇ ಬದಲಾವಣೆ. ಇನ್ನೊಂದು ಎಚ್ಚರಿಕೆ, ಕಡಿಮೆ ರೆಸಲ್ಯೂಷನ್‌ನಲ್ಲಿ ಸರಿ ಮಾಡಿಕೊಂಡ ಹೊಗೆ ಜಾಸ್ತಿ ರೆಸಲ್ಯೂಷನ್‌ನಲ್ಲಿ ಬೇರೆ ಆಕಾರ ತಾಳುತ್ತದೆ. ಆದ್ದರಿಂದ ನಡುವೆ ಒಂದು ಮಧ್ಯಮ ಹಂತ ಇಟ್ಟುಕೊಳ್ಳಿ.

ಹುಡಿನಿಗೆ ಯಾವಾಗ ಹೋಗಬೇಕು

ಹೆಜ್ಜೆ 4 ಮುಗಿದ ಮೇಲೆ ಯಾವಾಗ ಬೇಕಾದರೂ. ಟೊರೊಂಟೊದ ಸೈಡ್‌ಎಫ್‌ಎಕ್ಸ್ ಮಾಡುವ ಹುಡಿನಿಯೇ ಎಫೆಕ್ಟ್ಸ್ ವಿಭಾಗಗಳ ದಿನನಿತ್ಯದ ಸಾಧನ. ಅದರ ಅಪ್ರೆಂಟಿಸ್ ಆವೃತ್ತಿ ಕಲಿಯುವವರಿಗೆ ಉಚಿತ, ವಾಣಿಜ್ಯ ಕೆಲಸಕ್ಕೆ ಬಳಸುವ ಹಾಗಿಲ್ಲ. ಮೊದಲ ದಿನ ಅದು ಯಾರನ್ನಾದರೂ ದಿಗಿಲುಗೊಳಿಸುತ್ತದೆ. ಆದರೆ ನೀವು ಸಾಲ್ವರ್ ಕಟ್ಟಿ ಬಂದಿದ್ದರೆ ಹೆಸರುಗಳು ಮಾತ್ರ ಹೊಸವು. ಪಾಪ್ ಫೋರ್ಸ್ ಅಂದರೆ ತಳ್ಳುತ್ತಲೇ ಇರುವ ಬಲ, ಪಾಪ್ ವಿಂಡ್ ಅಂದರೆ ತನ್ನ ವೇಗಕ್ಕೆ ತಂದುಕೊಳ್ಳುವ ಗಾಳಿ. ರಾಗಿ ತೂರಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಸುರುಸುರು ಬತ್ತಿಯಲ್ಲಿ ಬಾಕಿ ಉಳಿದ ಕೆಲಸ, ಕಿಡಿ ನಡುದಾರಿಯಲ್ಲಿ ಒಡೆಯುವುದು, ಇಲ್ಲಿ ಪಾಪ್ ರೆಪ್ಲಿಕೇಟ್‌ನಿಂದ ಸುಲಭ: ಇರುವ ಕಣದಿಂದಲೇ ಹೊಸ ಕಣ ಹುಟ್ಟುತ್ತದೆ. ಬಟ್ಟೆ ಹಗ್ಗಕ್ಕೆ ವೆಲ್ಲಮ್, ಬೆಂಕಿ ಹೊಗೆಗೆ ಪೈರೊ, ನೀರಿಗೆ ಫ್ಲಿಪ್. ನೀರನ್ನು ಕೊನೆಗೆ ಇಡಿ. ಸಿಮ್ ಒಂದು ಕೆಲಸವಾದರೆ ಅದರ ಮೇಲ್ಮೈ ಕಟ್ಟುವುದು, ನೊರೆ, ತುಂತುರು ಇನ್ನೂ ಮೂರು ಕೆಲಸ.

ಹುಡಿನಿಯಲ್ಲಿ ಮೊದಲು ಹೊಸದೇನೂ ಮಾಡಬೇಡಿ. ಬ್ಲೆಂಡರ್‌ನಲ್ಲಿ ಮಾಡಿದ ನಾಲ್ಕನ್ನೇ, ಬತ್ತಿ, ರಾಗಿ, ಮಡಿಕೆ, ಹೊಗೆ, ಮತ್ತೆ ಮಾಡಿ.

ಕೆಲಸ ತೋರಿಸುವ ರೀಲ್‌ಗೂ ಈ ನಾಲ್ಕು ಸಾಕು. ಪ್ರತಿ ಶಾಟ್ ಆದ ಮೇಲೆ ಪದರಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿ, ಪಕ್ಕದಲ್ಲಿ ನೀವೇ ತೆಗೆದ ಫೋನ್ ವಿಡಿಯೊ ಇಡಿ.

ಐದನೆಯದು ಒಗ್ಗರಣೆ. ಸಾಸಿವೆ ಸಿಡಿಯುವುದು ಪಾರ್ಟಿಕಲ್, ಕರಿಬೇವು ಮುದುಡುವುದು ವೆಲ್ಲಮ್, ಏಳುವ ಹಬೆ ಪೈರೊ, ಎಣ್ಣೆ ಫ್ಲಿಪ್. ನಾಲ್ಕೂ ಒಂದೇ ಬಾಣಲೆಯಲ್ಲಿ, ಹತ್ತು ಸೆಕೆಂಡಿನಲ್ಲಿ. ನಾಳೆ ಬೆಳಿಗ್ಗೆ ಅಡುಗೆಮನೆಯಲ್ಲಿ ಕಿಟಕಿಯ ಬೆಳಕು ಬಾಣಲೆಯ ಹಿಂದಿನಿಂದ ಬೀಳುವ ಹಾಗೆ ಫೋನ್ ಇಟ್ಟು 240 ಫ್ರೇಮಿನಲ್ಲಿ ತೆಗೆಯಿರಿ. ಹಿಂದಿನಿಂದ ಬೆಳಕಿದ್ದರೇ ಹಬೆ ಕಾಣುವುದು. ಎಣ್ಣೆ ಹಾರುತ್ತದೆ, ಫೋನ್ ಒಂದು ಮೀಟರ್ ದೂರ ಇರಲಿ. ಅಳತೆಗೆ ಬಾಣಲೆಯ ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ, ಸಾಸಿವೆ ಎಷ್ಟು ಎತ್ತರಕ್ಕೆ ಹಾರಿತು ಅಂತ ಎಣಿಸಿ, ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದುಕೊಳ್ಳಿ.